ಬಿದ್ದಾಗ ನುಡಿಸುವ ಟ್ಯೂನು

ಶೆವ್ವಾಪೇಟೆ, ಸೇಲಂ
7 ಜುಲೈ 1996

ಅಪ್ಪನಿಗೆ ನಮಸ್ಕಾರ,

ನಾನು ಚೆನ್ನಾಗಿದ್ದೇನೆ. ಹಾಸ್ಟೆಲಿನ ಸಾಂಬಾರು ಹೋದ ವರ್ಷ ಹೇಗಿತ್ತೋ ಹಾಗೇ ಇದೆ. ಈ ಕಾಗದವನ್ನು ಅವ್ವನಿಗೆ ಓದಿ ಹೇಳುವಾಗ ಮುಂದಿನ ಎರಡು ಪ್ಯಾರಾ ಬಿಟ್ಟು ಓದು.

ನಾನೊಂದು ನಾಟಕಕ್ಕೆ ಸೇರಿಕೊಂಡಿದ್ದೇನೆ. ಗಾಬರಿಯಾಗಬೇಡ, ವೇಷ ಕಟ್ಟುವುದಿಲ್ಲ, ಹಾರ್ಮೋನಿಯಂ ಹಿಡಿಯುತ್ತೇನೆ, ಸಂಗೀತವೆಲ್ಲ ನನ್ನದೇ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕೆಲಸವನ್ನೂ ಬಿಟ್ಟಿಲ್ಲ. ಇಲ್ಲಿನ ಕನ್ನಡ ಸಂಘದವರು ವರ್ಷವರ್ಷವೂ ಕಿರೀಟ ಗದೆಗಳ ನಾಟಕ ಆಡುತ್ತಿದ್ದರಲ್ಲ, ಈ ಸಲ ಹರಿಪ್ರಸಾದ್ ಎಂಬ ಬ್ಯಾಂಕಿನ ಗುಮಾಸ್ತ ತಾನೇ ಒಂದು ಬರೆದಿದ್ದಾನೆ. ಮೊನ್ನೆ ಮೊಡಕುರಿಚ್ಚಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಎಲೆಕ್ಷನ್ನಿಗೆ ನಿಂತು ಬ್ಯಾಲೆಟ್ ಪೇಪರೇ ಪುಸ್ತಕವಾಯಿತಲ್ಲ, ಅದನ್ನು ಪೇಪರಿನಲ್ಲಿ ಓದಿದಾಗಿನಿಂದ ಅವನಿಗೆ ನಿದ್ದೆಯಿಲ್ಲವಂತೆ. ನಾಟಕದ ಊರಿನಲ್ಲಿ ಎಲ್ಲರೂ ಎಲೆಕ್ಷನ್ನಿಗೆ ನಿಂತುಬಿಡುತ್ತಾರೆ. ಓಟು ಹಾಕುವುದಕ್ಕೆ ಒಬ್ಬಳೇ ಅಜ್ಜಿ ಉಳಿಯುತ್ತಾಳೆ. ಇಡೀ ಊರು ಅವಳ ಕಾಲು ಒತ್ತುತ್ತದೆ. ಕೊನೆಗೆ ಅವಳೂ ನಾಮಿನೇಷನ್ ಹಾಕಿಬಿಡುತ್ತಾಳೆ. ಅಷ್ಟೇ ನಾಟಕ.

ಹರಿಪ್ರಸಾದನ ಹತ್ತಿರ ಬರ್ಲಿನ್ನಿನ ಕ್ಯಾಬರೆ ಹಾಡುಗಳ ಕ್ಯಾಸೆಟ್ ಒಂದಿದೆ. ಆ ಮಾತು ಕೇಳಿ ಸಂಘದ ಅಧ್ಯಕ್ಷರು ಕೃಷ್ಣಸ್ವಾಮಿಯವರು ಕನ್ನಡಕ ತೆಗೆದು, "ಹೆಣ್ಮಕ್ಕಳು ಕೂತು ನೋಡೋ ಸಭೆ ಕಣಯ್ಯಾ ಇದು!" ಎಂದರು. "ಸಾರ್, ಸಿನಿಮಾದ ಕ್ಯಾಬರೆ ಅಲ್ಲ. ಅಲ್ಲಿ ಸರ್ಕಾರಕ್ಕೆ ಹುಚ್ಚು ಹಿಡಿದಾಗ ಜನ ಹೋಟೆಲಿನಲ್ಲಿ ಮುಖಕ್ಕೆ ಬಿಳಿ ಬಳಿದುಕೊಂಡು ಹಾಡ್ತಿದ್ರು, ನಗಿಸ್ತಾ ಹೆದರಿಸೋ ಹಾಡು" ಎಂದು ಅವನು ಕ್ಯಾಸೆಟ್ ಹಾಕಿದ. ಒಡಕು ದನಿಯ ಒಬ್ಬ ಹೆಂಗಸು, ಹಿಂದೆ ಅಕಾರ್ಡಿಯನ್, ಬಾಯಿ ಅರ್ಧ ಮುಚ್ಚಿದ ಟ್ರಂಪೆಟ್, ಮೂರೆಣಿಕೆಯ ತಾಳ. ಪೂರ್ತಿ ಕೇಳಿ ಅಧ್ಯಕ್ಷರು, "ಇದು ಸರ್ಕಸ್ ಬ್ಯಾಂಡಲ್ಲವೇನಯ್ಯ?" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಿನ್ನ ನೆನಪಾಯಿತು.

ಅಪ್ಪಾ, ನೀನು ಸರ್ಕಸ್ ಬ್ಯಾಂಡಿನಲ್ಲಿ ಊದುತ್ತಿದ್ದ ನಾಲ್ಕು ಟ್ಯೂನು ಬರೆದು ಕಳಿಸುತ್ತೀಯಾ? ನನಗೆ ಹದಿಮೂರು ಆಗುವವರೆಗೆ ನೀನು ಪೋಸ್ಟ್‌ಕಾರ್ಡಿನಲ್ಲೇ ಇದ್ದೆ. ತಮಿಳು ಸ್ಕೂಲಿಗೆ ಹೋಗುತ್ತಿದ್ದವಳು ನಿನ್ನ ಕಾರ್ಡು ಓದುವುದಕ್ಕೆಂದೇ ಕನ್ನಡ ಅಕ್ಷರ ಕಲಿತೆ. ರಜಕ್ಕೆ ಬಂದರೂ ಟ್ರಂಪೆಟ್ಟನ್ನು ಟೆಂಟಿನಲ್ಲೇ ಬಿಟ್ಟು ಬರುತ್ತಿದ್ದೆ. ಆಮೇಲೆ ಒಂದು ದಿನ ಟ್ರಂಪೆಟ್ ಸಮೇತ ಬಂದೆ, ಬಂದವನು ಅದನ್ನು ಮುಟ್ಟಲೇ ಇಲ್ಲ. ನನಗೆ ಸಂಗೀತಾ ಎಂದು ಹೆಸರಿಟ್ಟವನು ನೀನು, ನೀನು ಊದಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ. ನನ್ನ ಪಕ್ಕ ಕೂತು ಒಂದೇ ಒಂದು ನಾಟಕಕ್ಕೆ ಊದು ಎಂದು ಕೇಳುವ ಆಸೆ. ಸದ್ಯಕ್ಕೆ ಟ್ಯೂನು ಕಳಿಸು.

ನಿನ್ನ ಮಗಳು,
ಸಂಗೀತಾ


ಮೇಚೇರಿ
14 ಜುಲೈ 1996

ಮಗಳು ಸಂಗೀತಾಗೆ,

ಕಾಗದ ಬಂತು. ನೀನು ಹೇಳಿದಂತೆ ಬಿಟ್ಟು ಓದಿದೆ. ನಿನ್ನವ್ವನಿಗೆ ಓದು ಬರುವುದಿಲ್ಲ, ಆದರೆ ಇಷ್ಟುದ್ದದ ಕಾಗದದಲ್ಲಿ ಇಷ್ಟೇ ಮಾತಾ ಎಂದು ಕೇಳಲು ಬರುತ್ತದೆ. ಪೂರ್ತಿ ಓದಬೇಕಾಯಿತು. ಕ್ಯಾಬರೆ ಎಂದ ಕೂಡಲೇ ಕೈಲಿದ್ದ ಮೊರ ಕೆಳಗಿಟ್ಟಳು. "ಯೋನಂದೆ? ಇನ್ನೊಂದ್ ಕಿತ ಓದು." ಓದಿದೆ. "ಆರ್ಮೋನಿಯಂ ತಾನೆ? ಕೂತ್ಕಂಡ್ ತಾನೆ ಬಾರ್ಸೋದು? ಸೀರೆ ಉಟ್ಕಂಡ್ ತಾನೆ? ಸರಿ ಬುಡು" ಎಂದು ಮೊರ ಎತ್ತಿಕೊಂಡಳು.

ಟ್ರಂಪೆಟ್ಟಿನ ಮಾತು ಎತ್ತಬೇಡ. ಅದು ರಾಗಿ ಗುಡಾಣದ ಹಿಂದೆ ಬಿದ್ದಿದೆ, ಬಿದ್ದಿರಲಿ. ನನಗೆ ಎದುರಿನ ಎರಡು ಹಲ್ಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಊದಿದರೆ ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ.

ನಾಲ್ಕು ಟ್ಯೂನು ಸ್ವರ ಹಾಕಿ ಈ ಹಾಳೆಯ ಹಿಂದೆ ಬರೆದಿದ್ದೇನೆ. ಹುಬ್ಬಳ್ಳಿ ಕ್ಯಾಂಪಿನಲ್ಲಿ ಪೋಸ್ಟರ್ ಬರೆಯುವ ಪೇಂಟರ್ ನನಗೆ ಅಕ್ಷರ ಕಲಿಸಿದ್ದು, ಅದಕ್ಕೇ ಎಲ್ಲ ಇಷ್ಟು ದಪ್ಪ, ನಾಲ್ಕಕ್ಕೆ ಹಾಳೆ ಮುಗಿಯಿತು. ಕೇಳಿಕೋ. ಕುದುರೆ ಬ್ಯಾಂಡಿನ ತಾಳಕ್ಕೆ ಕುಣಿಯುತ್ತದೆ ಎಂದು ಜನ ತಿಳಿದಿದ್ದಾರೆ. ಸುಳ್ಳು. ನಾವು ಅದರ ಕಾಲು ನೋಡಿಕೊಂಡು ಊದುತ್ತೇವೆ. ನೀನೂ ನಿನ್ನ ನಟರ ಕಾಲು ನೋಡು. ಇನ್ನೊಂದು, ಜೋಕರ್ ಬಂದಾಗ ಬ್ಯಾಂಡಿನವನು ನಗಬಾರದು. ಅವನು ಹೆಣ ಹೊರುವವನ ಹಾಗೆ ಮುಖ ಮಾಡಿಕೊಂಡು ಊದಿದರೇ ಜನ ನಗುವುದು.

ನಾಯಕರು ಬರುವಾಗ ಮೂರನೆಯ ಟ್ಯೂನು ಹಾಕಬೇಡ, ಅದು ಆನೆಯದು. ಆನೆಗೆ ಅವಮಾನ. ಎರಡನೆಯದು ಹಾಕು, ಮಂಗ ಸೈಕಲ್ ಹೊಡೆಯುವಾಗಿನದು. ಐದನೆಯ ಟ್ಯೂನು ಒಂದಿದೆ. ಅದನ್ನು ಬರೆಯುವುದಿಲ್ಲ. ಯಾಕೆ ಎಂದು ಕೇಳಲೂ ಬೇಡ.

ಇತಿ,
ಎಲ್ಲಪ್ಪ


ಸೇಲಂ
11 ಆಗಸ್ಟ್ 1996

ಅಪ್ಪನಿಗೆ,

ನಿನ್ನ ಮಂಗನ ಟ್ಯೂನಿಗೆ ಹರಿಪ್ರಸಾದ್ ಸೈಕಲ್ಲೇ ಇಲ್ಲದೆ ಸೈಕಲ್ ತುಳಿದುಕೊಂಡು ಬರುತ್ತಾನೆ. ಅವನೇ ಮುಖ್ಯ ಅಭ್ಯರ್ಥಿ. ಮುಖಕ್ಕೆ ಸುಣ್ಣದ ಹಾಗೆ ಬಿಳಿ, ಕಣ್ಣ ಸುತ್ತ ಕಾಡಿಗೆ, ಹೆಗಲ ಮೇಲೆ ನಾಲ್ಕು ಪಾರ್ಟಿಯ ನಾಲ್ಕು ಟವೆಲ್ಲು. ಕೃಷ್ಣಸ್ವಾಮಿಯವರು ನೋಡಿ, "ಇವನು ನಮ್ಮ ವಾರ್ಡಿನವನೇ, ನಾನು ಬಲ್ಲೆ" ಎಂದರು. ಈಗ ದಿನವೂ ರಿಹರ್ಸಲಿಗೆ ಮೊದಲು ಬಂದು ಕೂರುವವರು ಅವರೇ.

ನಮ್ಮ ಬ್ಯಾಂಡು ಕೇಳು. ನಾನು ಹಾರ್ಮೋನಿಯಂ. ಒಬ್ಬರು ತವಿಲು ಬಾರಿಸುತ್ತಾರೆ. ಇನ್‌ಸ್ಟಿಟ್ಯೂಟಿನಿಂದ ಹಳೆಯ ಟೈಪ್‌ರೈಟರ್ ಒಂದನ್ನು ತಂದಿದ್ದೇನೆ. ಸರ್ಕಾರಿ ಆರ್ಡರ್ ಬರುವ ಹಾಡಿನಲ್ಲಿ ಅದೇ ತಾಳ, ಸಾಲು ಮುಗಿದಾಗ ಬಡಿಯುವ ಗಂಟೆಯೇ ಮುಕ್ತಾಯ. ಅಭ್ಯರ್ಥಿಗಳ ಹಾಡು ಹೀಗಿದೆ:

ಎಲ್ಲಾರೂ ನಿಂತೀವಿ, ಊರೆಲ್ಲಾ ನಿಂತೀವಿ,
ಕೂರಾಕೆ ಕುರ್ಚಿ ಒಂದೇ ಐತೆ.
ಅಜ್ಜೀ ನಿನ್ನ ಕಾಲು ಒತ್ತೀವಿ, ತಲೆ ಬಾಚೀವಿ,
ಬೆರಳೊಂದು ಕೊಡು ಸಾಕು, ಮಸಿ ನಮ್ದೇ ಐತೆ!

ಮೂರೆಣಿಕೆಯಲ್ಲಿ, ನಿಧಾನವಾಗಿ, ಸತ್ತ ಮನೆಯ ದನಿಯಲ್ಲಿ ಹಾಡುತ್ತಾರೆ. ಮೊದಲ ಸಲ ನಗು ಬರುತ್ತದೆ, ಎರಡನೇ ಸಲ ಬೆನ್ನು ತಣ್ಣಗಾಗುತ್ತದೆ. ಅಜ್ಜಿಯ ವೇಷ ಕೃಷ್ಣಸ್ವಾಮಿಯವರ ಮಗಳು ಅಪರ್ಣಾಳದು. ಕುಳ್ಳಿ, ಆದರೆ ಬಾಯಿ ತೆಗೆದರೆ ಐದು ರೋಡಿಗೆ ಕೇಳಿಸುತ್ತದೆ.

ಕಷ್ಟ ಇರುವುದು ಟ್ರಂಪೆಟ್ಟಿನದು. ಮದುವೆ ಬ್ಯಾಂಡಿನ ಅಣ್ಣಾಮಲೈಯಣ್ಣನನ್ನು ಹಿಡಿದು ತಂದಿದ್ದೇವೆ. ಒಳ್ಳೆಯ ಮನುಷ್ಯ. ಏನು ಕೊಟ್ಟರೂ ಹೆಣ್ಣಿನ ಕಡೆಯವರು ಬರುತ್ತಿದ್ದಾರೆ ಎಂಬ ಹಾಗೆ ಊದುತ್ತಾನೆ. ಸೆಪ್ಟೆಂಬರ್ ಒಂದನೇ ತಾರೀಕು ಭಾನುವಾರ ಸಂಜೆ ಆಟ. ನೀನು ಬಾ. ಸುಮ್ಮನೆ ಕೂತು ನೋಡುವುದಕ್ಕಾದರೂ ಬಾ.

ಮರೆತಿದ್ದೆ, ನಿನ್ನ ಹಳೆಯ ಸರ್ಕಸ್ಸು ಸೇಲಂಗೆ ಬಂದಿದೆ! ಟೆಂಟಿಗೆ ಹೋಗಿ ಹನ್ನೆರಡು ಪಾಸು ಕೊಟ್ಟು ಬಂದೆ. ಯಾರ ಮಗಳು ಎಂದು ಹೇಳಲಿಲ್ಲ. ಆ ದಿನ ನಿನ್ನನ್ನು ಅವರೆದುರು ನಿಲ್ಲಿಸಬೇಕೆಂದು. ನಾಟಕದ ಶುರುವಿಗೆ ನಿನ್ನದೊಂದು ಟ್ಯೂನು ಇಟ್ಟಿದ್ದೇನೆ, ನೀನು ಬರೆದು ಕಳಿಸಿದ್ದಲ್ಲ, ನನ್ನ ನೆನಪಿನಲ್ಲಿದ್ದದ್ದು. ಬಂದು ಕೇಳು.

ಸಂಗೀತಾ


ಮೇಚೇರಿ
17 ಆಗಸ್ಟ್ 1996

ಸಂಗೀತಾಗೆ,

ಬರಲಾಗುವುದಿಲ್ಲ. ಎರಡು ಕುರಿ ಮರಿ ಹಾಕಿವೆ. ಇನ್ನೊಂದು ಹಾಕುವ ಹಾಗಿದೆ. ಬೇಲಿ ಕಟ್ಟಬೇಕು. ಮಂಡಿ ನೋವು. ಸರ್ಕಸ್ಸಿನವರಿಗೆ ಏನೂ ಹೇಳಬೇಡ. ಅಣ್ಣಾಮಲೈಗೆ ಟ್ರಂಪೆಟ್ ಬಾಯಿಗೆ ಒಂದು ತೆಂಗಿನ ಚಿಪ್ಪು ಅಡ್ಡ ಹಿಡಿಯಲು ಹೇಳು, ಮದುವೆ ಸ್ವಲ್ಪ ಕಡಿಮೆಯಾಗುತ್ತದೆ.

ಎಲ್ಲಪ್ಪ


ಸೇಲಂ
2 ಸೆಪ್ಟೆಂಬರ್ 1996

ಅಪ್ಪಾ,

ನಮಸ್ಕಾರ ಗಿಮಸ್ಕಾರ ಆಮೇಲೆ. ನಿನ್ನೆ ಏನಾಯಿತು ಗೊತ್ತಾ?

ಹಾಲ್ ತುಂಬಿತ್ತು. ಮೂರನೇ ಸಾಲಿನಲ್ಲಿ ಸರ್ಕಸ್ಸಿನ ಹನ್ನೆರಡು ಜನ ಕೂತಿದ್ದರು. ಪರದೆ ಏಳುವಾಗ ಹರಿಪ್ರಸಾದ್ ಕುರ್ಚಿಯಿಂದ ಬಿದ್ದು ನೆಲದ ಮೇಲೆ ಅಂಗಾತ ಮಲಗಿರಬೇಕು, ನಿದ್ದೆಯಲ್ಲೇ ಭಾಷಣ ಶುರು ಮಾಡಬೇಕು. ನಾನು ಆ ಟ್ಯೂನು ಎತ್ತಿದೆ. ನಾನು ಸಣ್ಣವಳಿದ್ದಾಗ ನೀನು ರಜಕ್ಕೆ ಬಂದರೆ, ನಾನು ಎಡವಿ ಬಿದ್ದ ತಕ್ಷಣ, ಅವ್ವನ ಕೈಯಿಂದ ಮಡಕೆ ಜಾರಿದ ತಕ್ಷಣ, ಶಿಳ್ಳೆ ಹಾಕುತ್ತಿದ್ದೆಯಲ್ಲ, ಟರ್ರ ಟರ್ರ ಟರ್ರ ಎಂದು ಓಡುವ ಟ್ಯೂನು, ಅದೇ. ಅದು ಕೇಳಿದರೆ ನನಗೆ ಅಳು ನಿಂತು ನಗು ಬರುತ್ತಿತ್ತು. ಬಿದ್ದವರನ್ನು ನಗಿಸುವ ಟ್ಯೂನು ಎಂದೇ ನಾನು ತಿಳಿದಿದ್ದೆ.

ಎರಡು ಸಾಲು ನುಡಿಸಿರಲಿಲ್ಲ, ಮೂರನೇ ಸಾಲು ಪೂರ್ತಿ ಎದ್ದಿತು! ಮೊದಲು ಓಡಿ ಬಂದವಳು ಒಬ್ಬ ಹೆಂಗಸು, ಒಂದು ಕಾಲು ಕುಂಟು, ಆದರೂ ಎಲ್ಲರಿಗಿಂತ ಮುಂದೆ. ಇಬ್ಬರು ಷರ್ಟು ಪ್ಯಾಂಟಿನಲ್ಲೇ ಲಾಗ ಹಾಕುತ್ತಾ ಸ್ಟೇಜಿಗೆ ಬಂದು ಒಬ್ಬರಿಗೊಬ್ಬರು ಕಪಾಳಕ್ಕೆ ಹೊಡೆದುಕೊಳ್ಳಲು ಶುರು ಮಾಡಿದರು, ಜನರ ಕಣ್ಣು ಆ ಕಡೆ ತಿರುಗಲಿ ಎಂದು. ನಾಲ್ಕು ಜನ ಹರಿಪ್ರಸಾದನನ್ನು ಕೈಕಾಲು ಹಿಡಿದು ಎತ್ತಿದರು. ಅವನು, "ಬಿಡ್ರಯ್ಯಾ, ನಾನು ಅಭ್ಯರ್ಥಿ!" ಎಂದು ಕೂಗುತ್ತಿದ್ದಾನೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಸೈಡ್ ಬಾಗಿಲಿನಿಂದ ಅವನನ್ನು ರಸ್ತೆಗೇ ಒಯ್ದು ಆಟೋದಲ್ಲಿ ಮಲಗಿಸಿದರು.

ನಾನು ನಿಲ್ಲಿಸಬೇಕೆಂದರೆ ಎದುರಿಗೊಬ್ಬ ಮುದುಕರು ಬಂದು ಕೈ ಎತ್ತಿ ನಿಂತುಬಿಟ್ಟರು. "ನಿಪ್ಪಾಟ್ಟಾದೇ! ನಿಲ್ಲಿಸ್ಬೇಡಮ್ಮಾ, ಊದು, ಊದು!" ಅಂತ. ಅದನ್ನೇ ಒಂಬತ್ತು ಸಲ ನುಡಿಸಿದೆ. ಅಣ್ಣಾಮಲೈಯಣ್ಣ ಹೆದರಿ, ಜೀವಮಾನದಲ್ಲಿ ಮೊದಲ ಸಲ ಮದುವೆ ಮರೆತು ಊದಿದ.

ಅವರು ನಿನ್ನ ಬ್ಯಾಂಡ್ ಮಾಸ್ಟರ್ ಪಳನಿಯಪ್ಪನ್. ಕುಂಟುವ ಹೆಂಗಸು ಪೂಂಗೊಡಿಯಕ್ಕ. ಹರಿಪ್ರಸಾದ್ ಆಟೋದಿಂದ ಇಳಿದು ಬಂದ ಮೇಲೆ ಪಳನಿಯಪ್ಪನ್ ನನ್ನನ್ನು ಹಿಡಿದುಕೊಂಡರು. "ಇದು ಓಡ್ ಟ್ಯೂನಮ್ಮಾ. ರಿಂಗಿನಲ್ಲಿ ಯಾರಾದ್ರೂ ಬಿದ್ರೆ ಮಾತ್ರ ಊದೋದು. ಕೇಳಿದವನು ಎಲ್ಲಿದ್ರೂ ಓಡಬೇಕು, ಊಟಕ್ಕೆ ಕೂತಿದ್ರೂ. ನಿಂಗೆ ಯಾರ್ ಕೊಟ್ಟಾ?" ಅಂದರು. ಅಪ್ಪ, ಮೇಚೇರಿ ಎಲ್ಲಪ್ಪ, ಅಂದೆ. ಪೂಂಗೊಡಿಯಕ್ಕ, "ಎಲ್ಲಪ್ಪಣ್ಣನ ಪೊಣ್ಣಾ, ಮಗಳಾ ನೀ!" ಎಂದು ನನ್ನ ಎರಡೂ ಕೆನ್ನೆ ಹಿಂಡಿದಳು. ಇನ್ನೂ ನೋಯುತ್ತಿದೆ.

ನಾಟಕ ಮೊದಲಿನಿಂದ ಶುರು ಮಾಡಿದೆವು. ಕೃಷ್ಣಸ್ವಾಮಿಯವರು ಕೊನೆಯಲ್ಲಿ ಹರಿಪ್ರಸಾದನಿಗೆ, "ಎಲ್ಲ ಚೆನ್ನಾಗಿತ್ತು, ಅಭ್ಯರ್ಥಿಯನ್ನ ಹೊತ್ತು ಹಾಕೋ ಸೀನು ಮಾತ್ರ ಇನ್ನೊಂದು ಸಲ ಬೇಕಿತ್ತು" ಎಂದರು.

ಅಪ್ಪಾ, ಅವರು ಒಂದೇ ಮಾತು ಕೇಳಿದರು. ಎಲ್ಲಪ್ಪ ಯಾಕೆ ಹೇಳದೆ ಹೋದ? ಕಾಗದ ಬರೆದು ಕೇಳುತ್ತೇನೆ ಅಂದೆ. ನಾಚಿಕೆಯಾಯಿತು. ನನಗಾದರೂ ಹೇಳು.

ಸಂಗೀತಾ


ಮೇಚೇರಿ
10 ಸೆಪ್ಟೆಂಬರ್ 1996

ಮಗಳೇ,

ನಿನ್ನ ಕಾಗದ ಓದಿ ನಕ್ಕೆ. ಆಟೋ ಬಂದಾಗ ಇನ್ನೂ ಜೋರಾಗಿ ನಕ್ಕೆ. ಕೆಮ್ಮು ಎಂದುಕೊಂಡು ನಿನ್ನವ್ವ ಬಿಸಿನೀರು ತಂದಳು. ಆಮೇಲೆ ಪೂಂಗೊಡಿ ಹೆಸರು ಬಂತು. ಕಾಗದ ಮಡಿಸಿ ಇಟ್ಟೆ. ನಾಲ್ಕು ದಿನ ಮುಟ್ಟಲಿಲ್ಲ.

ತಪ್ಪು ನನ್ನದು. ಆ ಐದನೆಯದು ಯಾವ ಟ್ಯೂನು ಎಂದು ಮೊದಲೇ ಬರೆದಿದ್ದರೆ ನೀನು ನುಡಿಸುತ್ತಿರಲಿಲ್ಲ. ಈಗ ಬರೆಯುತ್ತೇನೆ. ಇದನ್ನು ಅವ್ವನಿಗೂ ಓದಿ ಹೇಳಿದ್ದೇನೆ, ಅವಳಿಗೂ ಇವತ್ತೇ ಗೊತ್ತಾದದ್ದು.

ಎಂಬತ್ತೈದನೇ ಇಸವಿ, ದಾವಣಗೆರೆ ಕ್ಯಾಂಪು, ಮಧ್ಯಾಹ್ನದ ಆಟ. ಪೂಂಗೊಡಿ ಮೇಲಿನ ಉಯ್ಯಾಲೆಯಿಂದ ಹಾರಿದಳು, ಎದುರಿನ ಕೈ ಸಿಗಲಿಲ್ಲ. ಬಲೆಗೆ ಬಿದ್ದಳು, ಬಲೆಯ ಒಂದು ಹಗ್ಗ ಸಡಿಲವಾಗಿತ್ತೋ ಏನೋ, ಪುಟಿದು ಮರಳಿನ ಮೇಲೆ ಬಿದ್ದಳು. ಆಗ ಮೊದಲು ಊದಬೇಕಾದವನು ಟ್ರಂಪೆಟ್ಟಿನವನು. ಅವನು ಎತ್ತಿದರೆ ಬಾಕಿಯವರು ಹಿಂದೆ ಬರುತ್ತಾರೆ, ಜೋಕರುಗಳು ಓಡುತ್ತಾರೆ, ಜನಕ್ಕೆ ಇದೂ ಆಟವೇ ಅನ್ನಿಸುತ್ತದೆ. ನಾನು ಊದಲಿಲ್ಲ. ಟ್ರಂಪೆಟ್ ತುಟಿಗೆ ಒತ್ತಿಕೊಂಡು ಅವಳನ್ನೇ ನೋಡುತ್ತಾ ನಿಂತೆ. ಟೆಂಟು ಸ್ತಬ್ಧ. ಆಮೇಲೆ ಯಾರೋ ಕಿರುಚಿದರು, ಜನ ಎದ್ದು ಬಾಗಿಲಿಗೆ ನುಗ್ಗಿದರು, ಮಕ್ಕಳೆಲ್ಲ ಅಳುತ್ತಿದ್ದರು. ಪಳನಿಯಪ್ಪನ್ ನನ್ನ ಕೈಯಿಂದ ಟ್ರಂಪೆಟ್ ಕಿತ್ತುಕೊಂಡು ತಾನೇ ಊದಿದ.

ನೋಡುವುದಕ್ಕೆ ಸಾವಿರ ಜನ ಇದ್ದರು ಮಗಳೇ. ಊದುವುದಕ್ಕೆ ನಾನೊಬ್ಬನೇ ಇದ್ದೆ.

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಉಳಿದಿರುತ್ತಿದ್ದೆ. ಪಳನಿಯಪ್ಪನ್ ಟ್ರಂಪೆಟ್ ಒರೆಸಿ ನನ್ನ ಹಾಸಿಗೆಯ ಮೇಲಿಟ್ಟು ಹೋದ. ಬೆಳಿಗ್ಗೆ ಬಸ್ ಹತ್ತಿದೆ. ಹಲ್ಲು ಹೋದದ್ದು ಮೊನ್ನೆ ಮೊನ್ನೆ. ಊದುವುದು ಬಿಟ್ಟದ್ದು ಆ ದಿನ. ನಿನ್ನ ಪಕ್ಕ ಕೂತು ಊದಬೇಕೆಂದು ನನಗೆ ಆಸೆ ಇಲ್ಲವೆಂದು ತಿಳಿಯಬೇಡ. ನಿನ್ನ ನಾಟಕದಲ್ಲೂ ಎಲ್ಲಿ ಬಾಯಿ ಕಟ್ಟಿಕೊಳ್ಳುತ್ತದೋ ಎಂದು ಹೆದರಿಕೆ. ಅಷ್ಟೇ ವಿಷಯ.

ನಿನ್ನ ಅಪ್ಪ


ಸೇಲಂ
18 ಸೆಪ್ಟೆಂಬರ್ 1996

ಅಪ್ಪಾ,

ನಿನ್ನ ಕಾಗದ ಹಿಡಿದುಕೊಂಡು ನೇರ ಟೆಂಟಿಗೆ ಹೋದೆ. ಬೈಯುವುದಾದರೆ ಬೈದುಕೋ. ಪೂಂಗೊಡಿಯಕ್ಕ ಈಗ ಹಾರುವುದಿಲ್ಲ, ಹೊಸ ಹುಡುಗಿಯರಿಗೆ ಹಾರುವುದು ಕಲಿಸುತ್ತಾಳೆ. ಜರಿ ಬಟ್ಟೆಗೆ ಮಣಿ ಹೊಲಿಯುತ್ತಾ ಕೂತಿದ್ದಳು. ಓದಿ ಹೇಳಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಇಪ್ಪತ್ತು ವರ್ಷ ಆ ಉಯ್ಯಾಲೆ ಮೇಲಿದ್ದೆ ಕಣಮ್ಮ. ಎಷ್ಟೋ ಜನ ಬಿದ್ರು. ಬಿದ್ದ ತಕ್ಷಣ ಬ್ಯಾಂಡಿನ ಪಾಟ್ಟು, ಬಿದ್ದ ತಕ್ಷಣ ಜೋಕರು, ಜನ ನಗ್ತಾರೆ. ಬಿದ್ದೋಳು ಅಲ್ಲೇ ಮರಳಲ್ಲಿ ಬಿದ್ಕಂಡು ಆ ನಗು ಕೇಳಬೇಕು. ಅದು ನಮ್ ತೊಳಿಲ್, ನಮ್ ಕಸುಬು, ಸರಿ. ಆದ್ರೆ ನಾ ಬಿದ್ದಾಗ ಪಾಟ್ಟು ಬರ್ಲಿಲ್ಲ. ಎಲ್ಲಾ ಸುಮ್ಕಾಯ್ತು. ಕಾಲು ಮುರಿದೈತೆ, ಕಣ್ಣು ಕತ್ಲೆ ಬತ್ತೈತೆ, ಆವಾಗ್ಲೂ ಅಂದ್ಕಂಡೆ, ಅಬ್ಬಾ, ಯಾರೋ ಒಬ್ಬಂಗೆ ನಾನು ಬಿದ್ದಿದ್ದು ನೋವಾಯ್ತು ಅಂತ. ನಂಗೋಸ್ಕರ ಬ್ಯಾಂಡೇ ನಿಂತೋಯ್ತು ಅಂತ ಇವತ್ಗೂ ಈ ಹುಡ್ಗೀರ್ಗೆ ಜಂಬ ಕೊಚ್ಕಳ್ತೀನಿ. ಆಸ್ಪತ್ರೆಗೆ ಬತ್ತಾನೆ ಅಂತ ಕಾದೆ. ಬರ್ಲೇ ಇಲ್ಲ. ನಂಗೆ ಕೋಪ ಇರೋದು ಅದಕ್ಕೆ. ಊದ್ಲಿಲ್ಲ ಅಂತ ಅಲ್ಲ."

ಇಷ್ಟು ಹೇಳಿ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟಳು. ಅವಳಿಗೆ ಕಣ್ಣು ಮಂಜಾಗಿತ್ತು, ನನಗೂ ಅಷ್ಟೇ, ದಾರ ಹೋಗಲಿಲ್ಲ.

ಪಳನಿಯಪ್ಪನ್ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಒರು ನಿಮಿಷಂ ಲೇಟ್. ಅದಕ್ಕೆ ಹನ್ನೊಂದು ವರುಷ ಲೀವಾ?" ಅಂದರು. ಜನ ನುಗ್ಗಿದರಲ್ಲ ಎಂದೆ. "ಎಲ್ಲಾ ಭದ್ರವಾಗಿ ಮನೆಗೆ ಹೋದ್ರಮ್ಮಾ. ಮಾರನೇ ದಿವಸ ಅದೇ ಜನ ಮತ್ತೆ ಬಂದು ಕೂತ್ರು" ಎಂದರು.

ಈಗ ನನ್ನ ಮಾತು. ನನಗೂ ಕೋಪ ಇದೆ ಅಪ್ಪಾ. ಅವರ ಹತ್ತಿರ ಸುಮ್ಮನಾದೆ, ಆಗಲಿ. ನನ್ನ ಹತ್ತಿರ ಯಾಕೆ ಸುಮ್ಮನಾದೆ? ನಾನು ಎಲ್ಲಿ ಬಿದ್ದಿದ್ದೆ? ನಾನು ಹಾಸ್ಟೆಲಿಗೆ ಬರುವವರೆಗೆ ಒಂದೇ ಮನೆಯಲ್ಲಿ, ಒಂದೇ ಗೋಡೆಗೆ ಒರಗಿ ಕೂತೆವು. ನಿನಗೆ ನನ್ನ ಮೇಲೆ ಇಷ್ಟವಿಲ್ಲವೆಂದೇ ಎಷ್ಟೋ ದಿನ ಅಂದುಕೊಂಡಿದ್ದೆ.

ಅಕ್ಟೋಬರ್ ಇಪ್ಪತ್ತೇಳು, ಭಾನುವಾರ ಸಂಜೆ, ಪಾಪಿರೆಡ್ಡಿಪಟ್ಟಿಯ ಸ್ಕೂಲ್ ಮೈದಾನದಲ್ಲಿ ಎರಡನೇ ಆಟ. ಓಡ್ ಟ್ಯೂನು ತೆಗೆದುಹಾಕಿದ್ದೇನೆ. ಅಣ್ಣಾಮಲೈಯಣ್ಣನಿಗೆ ಆ ದಿನ ನಿಜವಾದ ಮದುವೆ ಇದೆ. ಓಟರಜ್ಜಿ ಮೊದಲ ಸಲ ಬರುವಾಗ ಬೇರೆ ಯಾವ ವಾದ್ಯವೂ ಇಲ್ಲ, ಟ್ರಂಪೆಟ್ ಒಂದೇ. ಆ ಜಾಗಕ್ಕೆ ಸ್ವರ ಬರೆದು ಇದರ ಜೊತೆ ಇಟ್ಟಿದ್ದೇನೆ. ಬೇರೆ ಯಾರನ್ನೂ ಹುಡುಕುವುದಿಲ್ಲ. ನೀನು ಬರದಿದ್ದರೆ ಅಜ್ಜಿ ಸುಮ್ಮನೆ ನಡೆದುಕೊಂಡು ಬರುತ್ತಾಳೆ. ಬಾಯಿ ಕಟ್ಟಿಕೊಂಡರೂ ಪರವಾಗಿಲ್ಲ, ನನ್ನ ಪಕ್ಕ ಕೂತು ಕಟ್ಟಿಕೊಳ್ಳಲಿ.

ಸಂಗೀತಾ


ಮೇಚೇರಿ
20 ಅಕ್ಟೋಬರ್ 1996

ಸಂಗೀತಾ ಕೂಸೇ,

ನಾನು ನಿಮ್ಮವ್ವ ಸಿದ್ದಲಕ್ಷ್ಮಮ್ಮ ಹೇಳಿ ಬರೆಸ್ತಿರೋದು. ಬರೀತಿರೋನು ರೇಷನ್ ಅಂಗಡಿ ಅಶ್ವತ್ಥ. ಅವಂಗೆ ಕನ್ನಡ ಅಕ್ಸರ ಬರಾಕಿಲ್ಲ, ತಮಿಳಕ್ಸರದಲ್ಲೇ ನಮ್ ಮಾತು ಬರೀತಾವ್ನೆ. ನಿಧಾನುಕ್ಕೆ ಓದ್ಕೋ.

ನಿಮ್ಮಪ್ಪ ಮೇಟೂರಿಗೋಗಿ ಹಲ್ಲು ಕಟ್ಟಿಸ್ಕಂಡು ಬಂದವ್ನೆ. ಕೇಳಿದ್ರೆ, ಮುದ್ದೆ ನುಂಗಾಕೆ ಅಂತಾನೆ. ಮುದ್ದೆಗೆ ಹಲ್ಲು ಯಾಕ್ ಬೇಕು ಅಂತ ನಾನೂ ಕೇಳ್ಲಿಲ್ಲ. ದಿನಾ ಸಾಯಂಕಾಲ ಕುರಿ ಹಟ್ಟಿ ಹಿಂದೆ ಓಗಿ ಊದ್ತಾನೆ. ಮೊದಲ ದಿನ ಕುರಿಗೋಳೆಲ್ಲಾ ಬೇಲಿ ಹಾರಿ ಮೇಟೂರ್ ರೋಡ್ ಹಿಡುದ್ವು, ಅರ್ಧ ಊರೇ ಹಿಡಿಯಾಕೆ ಓಡ್ತು. ಈಗ ಅಭ್ಯಾಸ ಆಗೈತೆ, ಊದಿದ್ರೇನೇ ಹಟ್ಟಿಗೆ ಬತ್ತವೆ. ಅಶ್ವತ್ಥ ಕಿವಿಗೆ ಹತ್ತಿ ಇಟ್ಕಂಡವ್ನೆ, ಅದನ್ನೂ ಬರಿ ಅಂದೆ, ಬರೀತಾವ್ನೆ.

ಕೂಸೇ, ಅವನು ಸರ್ಕಸ್ಸಲ್ಲಿದ್ದಾಗ ಹೆಂಗೂ ನಂಗೆ ಗಂಡ ಇರ್ಲಿಲ್ಲ. ಮನೆಗೆ ಬಂದ್ ಮ್ಯಾಲೆ ಸುಮ್ಕೆ ಮೂಲೇಲಿ ಕೂತ್ಕಂಡ, ಆವಾಗ್ಲೂ ಇರ್ಲಿಲ್ಲ. ಈಗ ದಿನಾ ಜಗಳ ಆಡ್ತಾನೆ, ಚಟ್ನಿಗೆ ಉಪ್ಪಿಲ್ಲ ಅಂತಾನೆ. ನಂಗೆ ಎಷ್ಟು ಸಂತೋಸ ಗೊತ್ತಾ. ನಾನೂ ಬತ್ತೀನಿ ಪಾಪಿರೆಡ್ಡಿಪಟ್ಟಿಗೆ. ಬರ್ತಾನೋ ಇಲ್ವೋ ಅಂತ ಅವನು ಇನ್ನೂ ಬಾಯಿ ಬುಟ್ಟಿಲ್ಲ. ನಾ ಹೇಳ್ದೆ ಅಂತ ಅವಂಗೆ ಹೇಳ್ಬ್ಯಾಡ.

ನಿಮ್ಮವ್ವ


ಮೇಚೇರಿ
30 ಅಕ್ಟೋಬರ್ 1996

ಬ್ಯಾಂಡ್ ಮಾಸ್ಟರ್ ಸಂಗೀತಾ ಅವರಿಗೆ,

ಟ್ರಂಪೆಟ್ ಎಲ್ಲಪ್ಪ ಮಾಡುವ ನಮಸ್ಕಾರ. ನೀನು ಎಂದು ಬರೆಯಲು ಕೈ ಬರುತ್ತಿಲ್ಲ. ಬ್ಯಾಂಡಿನಲ್ಲಿ ಮಾಸ್ಟರನ್ನು ಏಕವಚನದಲ್ಲಿ ಕರೆಯುವ ಪದ್ಧತಿ ಇಲ್ಲ.

ಆಟ ಮುಗಿದ ಮೇಲೆ ಗಲಾಟೆಯಲ್ಲಿ ಮಾತಾಡಲಾಗಲಿಲ್ಲ, ಕೊನೆಯ ಬಸ್ಸೂ ಕಾಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ತಪ್ಪುಗಳು. ಆರ್ಡರ್ ಹಾಡು ಓಡುತ್ತಿದೆ, ಟೈಪ್‌ರೈಟರಿನವನ ಬೆರಳಿಗೆ ಬ್ರೇಕಿಲ್ಲ. ತವಿಲಿನವರು ಸೈಕಲ್ ಸೀನಿನಲ್ಲಿ ನಕ್ಕರು, ನಾನು ನೋಡಿದೆ. ಮುಂದಿನ ಸಲ ಅವರನ್ನು ಸ್ಟೇಜಿಗೆ ಬೆನ್ನು ಮಾಡಿ ಕೂರಿಸಿ. ನನ್ನ ತಪ್ಪೂ ಹೇಳಬೇಕು. ಅಜ್ಜಿ ಬರುವಾಗ ನನ್ನ ಮೊದಲ ಸ್ವರ ಒಡೆಯಿತು.

ಅದಕ್ಕೂ ಮುಂಚೆ ಏನಾಯಿತು ಎಂದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ. ಅಪರ್ಣಾ ಕೋಲು ಊರಿಕೊಂಡು ಸ್ಟೇಜಿನ ಅಂಚಿಗೆ ಬಂದಳು. ಎಲ್ಲ ವಾದ್ಯವೂ ನಿಂತಿತು. ಊದಬೇಕು. ನನ್ನ ಬಾಯಿ ಕಟ್ಟಿತು. ದಾವಣಗೆರೆಯಲ್ಲಿ ಹೇಗೆ ಕಟ್ಟಿತ್ತೋ ಹಾಗೇ. ಒಂದು ಎಣಿಸಿದೆ, ಎರಡು ಎಣಿಸಿದೆ. ಅಪರ್ಣಾ ಕೋಲು ಎತ್ತಿದವಳು ಇಳಿಸಲಿಲ್ಲ, ಅಲ್ಲೇ ನಿಂತಳು. ನೀವು ತಿರುಗಿ ನೋಡಲಿಲ್ಲ. ಗಾಬರಿಯಾಗಿ ಹಾರ್ಮೋನಿಯಂ ಎತ್ತಿ ನನ್ನ ಜಾಗ ತುಂಬಲೂ ಇಲ್ಲ. ಎಡಗೈ ಬಿಟ್ಟು ಹಾಗೇ ನನ್ನ ಮಂಡಿಯ ಮೇಲೆ ಇಟ್ಟಿರಿ. ಕಾಯುತ್ತೇನೆ ಎಂದು. ಇಪ್ಪತ್ತೆರಡು ವರ್ಷ ಕುದುರೆಯ ಕಾಲಿಗೆ, ಆನೆಯ ಸೊಂಡಿಲಿಗೆ, ಉಯ್ಯಾಲೆಗೆ ನಾನು ಕಾದಿದ್ದೇನೆ. ನನಗೋಸ್ಕರ ಒಂದು ಬ್ಯಾಂಡು ಕಾದದ್ದು ಆ ದಿನವೇ.

ಆಮೇಲೆ ಊದಿದೆ. ಮೊದಲನೆಯದು ಒಡೆಯಿತು, ಎರಡನೆಯದು ಬಂತು, ಮಿಕ್ಕದ್ದೆಲ್ಲ ತಾನೇ ಬಂತು. ನೀವು ಬರೆದದ್ದು ಚೆನ್ನಾಗಿದೆ. ನಗುವ ಟ್ಯೂನೋ ಅಳುವ ಟ್ಯೂನೋ ಎಂದು ಮನೆಯ ಹತ್ತಿರ ಎಷ್ಟು ದಿನ ಊದಿದರೂ ಗೊತ್ತಾಗಿರಲಿಲ್ಲ. ಅಜ್ಜಿ ಆ ಬಿಳಿ ಮುಖಗಳ ನಡುವೆ ಒಬ್ಬಳೇ ನಡೆದು ಬಂದಾಗ ಗೊತ್ತಾಯಿತು, ಎರಡೂ.

ನಿಮ್ಮವ್ವ ಮುಂದಿನ ಸಾಲಿನಲ್ಲಿ ಎದ್ದು ನಿಂತು, "ಯಾರಿಗೂ ಆಕ್ಬ್ಯಾಡ ಕಣಜ್ಜೀ! ಎಲ್ಲಾ ಕಳ್ರೇ!" ಎಂದು ಕೂಗಿದ್ದು ನಾಟಕದಲ್ಲಿ ಇತ್ತೋ ಇಲ್ಲವೋ ಎಂದು ಹರಿಪ್ರಸಾದ್ ನನ್ನನ್ನು ಕೇಳಿದ. ಸೇರಿಸಿಕೊಳ್ಳಲು ಹೇಳಿದ್ದೇನೆ. ಆಟ ನೋಡಲು ಬಂದಿದ್ದ ಪೂಂಗೊಡಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, "ಆಸ್ಪತ್ರೆಗೆ ಬರ್ಲಿಲ್ವಲ್ಲಾ, ಅದಕ್ಕೆ" ಎಂದು. ಆಮೇಲೆ ಇಬ್ಬರೂ ಬೋಂಡಾ ತಿಂದೆವು. ಮೈ ಹಗುರವಾಯಿತು.

ಈಗ ಮುಖ್ಯ ವಿಷಯ. ಪಳನಿಯಪ್ಪನ್ ನನ್ನನ್ನು ಪಕ್ಕಕ್ಕೆ ಕರೆದು, "ವಾಡಾ ಎಲ್ಲಪ್ಪಾ, ಬಂದುಬಿಡು, ಮುಂದಿನ ತಿಂಗಳು ಕೊಯಮತ್ತೂರು, ಆಮೇಲೆ ಕೇರಳ. ನಿನ್ನ ಜಾಗ ಹಾಗೇ ಇದೆ" ಅಂದ. ಹನ್ನೊಂದು ವರ್ಷ ಈ ಮಾತು ಕೇಳಬೇಕೆಂದು ಕಾದಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಆದರೆ ಈಗ ನನಗೊಬ್ಬರು ಮಾಸ್ಟರ್ ಇದ್ದಾರೆ, ಅವರನ್ನು ಕೇಳದೆ ಹೋಗುವ ಹಾಗಿಲ್ಲ, ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಕೇಳುತ್ತಿದ್ದೇನೆ ಮಾಸ್ಟರೇ, ಹೋಗಲಾ? ಬೇಡ ಅನ್ನಿ.

ನಿಮ್ಮ ಟ್ರಂಪೆಟ್,
ಎಲ್ಲಪ್ಪ